ಬೆಣ್ಣೆ ರುಚಿಯ ದ್ರಾಕ್ಷಿ

ವೈನಿನ ವಿಷಯದಲ್ಲಿ ನಮ್ಮ ಭಾವನವರಷ್ಟು ತಿಳಿದವರು ದಾವಣಗೆರೆಯಿಂದ ಹರಿಹರದವರೆಗೆ ಇನ್ನೊಬ್ಬರಿರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ. ಅವರು ಜೀವಮಾನದಲ್ಲಿ ಒಂದು ತೊಟ್ಟು ವೈನ್ ಕುಡಿಯುವುದಿರಲಿ, ಅದನ್ನು ಕಣ್ಣಿನಿಂದಲೂ ನೋಡಿರಲಿಲ್ಲ ಎಂಬುದು ಬೇರೆ ಮಾತು. ಡಾಕ್ಟರು ಕೊಟ್ಟ ಕೆಮ್ಮಿನ ಸಿರಪ್ಪನ್ನು ಮೂಸಿ ನೋಡಿ, "ಇದ್ರಾಗ ಏನೋ ಐತೆ, ಬ್ಯಾಡ" ಎಂದು ಹಿಂದಿರುಗಿಸಿದ ಮನುಷ್ಯ! ಇಂಥವರು ನಾಲ್ಕು ವರ್ಷ ಕೂತಲ್ಲಿ ನಿಂತಲ್ಲಿ ಯೋಚಿಸಿದ್ದು ಫ್ರಾನ್ಸ್ ದೇಶದ ಬಿಳಿ ವೈನ್ ದ್ರಾಕ್ಷಿಯ ಒಂದೇ ಒಂದು ಬಳ್ಳಿಯನ್ನು ಎಂದರೆ ನೀವು ನಂಬುತ್ತೀರಾ? ನಂಬದಿದ್ದರೂ ಅಡ್ಡಿಯಿಲ್ಲ. ಆ ಬಳ್ಳಿಗೆ ಗೊಬ್ಬರ ಹೊತ್ತವಳು ನಾನೇ.

ಭಾವ ಎಂದರೆ ನನ್ನ ಗಂಡನ ಅಣ್ಣ. ಹರಿಹರದ ಪಕ್ಕ ಗುತ್ತೂರಿನ ಹತ್ತಿರ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಕಬ್ಬಿಣದ ತುಂಡನ್ನು ಪಕ್ಕಕ್ಕೆ ತಳ್ಳುವುದು ಅವರ ಕೆಲಸ. ಅಳತೆಯ ಇಕ್ಕಳ ಸದಾ ಜೇಬಿನಲ್ಲಿ. ನಾನು ಮದುವೆಯಾಗಿ ಬಂದ ಮೊದಲ ವಾರ ನಾನು ತಟ್ಟಿದ ರೊಟ್ಟಿಯನ್ನು ಅದರಲ್ಲಿ ಹಿಡಿದು, "ಈ ಕಡೆ ಒಂದೂವರೆ, ಆ ಕಡೆ ಎರಡೂಕಾಲು" ಎಂದು ವರದಿ ಒಪ್ಪಿಸಿದ್ದರು. ರೊಟ್ಟಿ ತಿನ್ನಲು ಹೇಗಿತ್ತು ಎಂದು ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಮನೆತನವೇ ಹಾಗೆ. ಬಡಿಸುವವರು "ಸಾಕಾ? ಇನ್ನೊಂದು ಹಾಕ್ಲಾ?" ಎಂದು ಹತ್ತು ಸಲ ಕೇಳುತ್ತಾರೆ, ಉಣ್ಣುವವರು ಹನ್ನೊಂದು ಸಲ "ಸಾಕು" ಎನ್ನುತ್ತಾರೆ, ಅಷ್ಟರಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಬಿದ್ದಿರುತ್ತದೆ. ಎಷ್ಟು ಎನ್ನುವುದೇ ಇಡೀ ಊಟದ ಮಾತು. ಹೇಗಿದೆ ಎಂದು ಕೇಳುವುದು ನಾಟಕದವರ ಕೆಲಸ ಎಂದು ನಮ್ಮ ಅತ್ತೆ ತಿಳಿದಿದ್ದರೋ ಏನೋ.

ಭಾವ ಗುತ್ತೂರಿನಲ್ಲಿ ಒಬ್ಬರೇ ಇದ್ದರು. ಹಿತ್ತಲಿದ್ದ ಸಣ್ಣ ಬಾಡಿಗೆ ಮನೆ, ಒಂದು ಸ್ಟೋವ್, ಒಂದು ತಟ್ಟೆ. ನಾನು ಸೊಸೆಯಾಗಿ ಬರುವ ಮೊದಲೇ ಅವರ ಹೆಂಡತಿ, ಮದುವೆಯಾದ ಹದಿನಾಲ್ಕನೇ ತಿಂಗಳಿಗೆ, ಜ್ವರದಲ್ಲಿ ತೀರಿಕೊಂಡಿದ್ದರು. ಇನ್ನೊಂದು ಮದುವೆಯ ಮಾತೆತ್ತಿದವರಿಗೆಲ್ಲ ಭಾವ "ಡ್ಯೂಟಿ ಐತೆ" ಎಂದು ಎದ್ದು ಹೋಗುತ್ತಿದ್ದರಂತೆ, ರಜೆಯ ದಿನವೂ. ನಾವಿದ್ದದ್ದು ದಾವಣಗೆರೆಯ ಆನೆಕೊಂಡದಲ್ಲಿ, ನಾನು ಮತ್ತು ಅತ್ತೆ. ನನ್ನ ಗಂಡ ಬಟ್ಟೆ ಮಿಲ್ಲಿನ ಮಾಲಿನ ಸ್ಯಾಂಪಲ್ಲು ಹೊತ್ತು ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುತ್ತಿದ್ದರು. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಪ್ರತಿ ಭಾನುವಾರ ಹತ್ತರ ಬಸ್ಸಿಗೆ ಭಾವ ಬರುವರು, ಉಣ್ಣುವರು, ಮೂರರ ಬಸ್ಸಿಗೆ ಹೊರಡುವರು. ಒಂದು ಭಾನುವಾರ ಬೇಸರಕ್ಕೆ ಅವರಾಡಿದ ಮಾತುಗಳನ್ನು ಎಣಿಸಿದ್ದೆ. ಒಟ್ಟು ಹದಿನೇಳು. ಅದರಲ್ಲಿ ಐದು "ಸಾಕು".

ಎಪ್ಪತ್ತರ ದಶಕದ ಕೊನೆಯಲ್ಲಿ ಆ ಕಾರ್ಖಾನೆಗೊಂದು ಹೊಸ ಯಂತ್ರ ಬಂತು. ಅದನ್ನು ಕೂರಿಸಿ ಕೊಡಲು ಫ್ರಾನ್ಸಿನಿಂದ ಒಬ್ಬ ಸಾಹೇಬನೂ ಬಂದ. ನಾಲ್ಕು ತಿಂಗಳು ಅವನ ಜೊತೆಗಿರಲು ಭಾವನವರನ್ನು ನೇಮಿಸಿದರು. ಇಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ, ಜಗಳವಾಡಲು ಸಾಧ್ಯವೇ ಇಲ್ಲ ಎಂದು ಮೇಲಿನವರ ಲೆಕ್ಕಾಚಾರವಿರಬೇಕು.

ಸಾಹೇಬನಿಗೆ ಒಂದು ಚಟವಿತ್ತು. ನೀವಂದುಕೊಂಡದ್ದಲ್ಲ. ತಿಂದದ್ದರ ಬಗ್ಗೆ ಮಾತಾಡುವ ಚಟ. ಸಂಜೆ ಭಾವ ಸ್ಟೋವಿನ ಮೇಲೆ ಮಾಡಿದ ಅನ್ನ ಸಾರನ್ನೇ ಅವನೂ ಉಣ್ಣುತ್ತಿದ್ದ. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚುವನು. ಆಮೇಲೆ ಭಾವನವರನ್ನು ಹಿಡಿದುಕೊಳ್ಳುವನು: ಮೊದಲು ಏನು ರುಚಿ ಬಂತು? ಆಮೇಲೆ ಏನು? ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು? ಭಾವ ಮೊದಲ ವಾರ "ಗುಡ್" ಎಂದರು. ಎರಡನೇ ವಾರ "ವೆರಿ ಗುಡ್" ಎಂದರು. ಮೂರನೇ ವಾರ ಸಾಹೇಬ ತಟ್ಟೆ ಕೆಳಗಿಟ್ಟು ಮುನಿಸಿಕೊಂಡನಂತೆ. ಅದರ ಮುಂದಿನ ಭಾನುವಾರ ಭಾವ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು.

"ಒಗರು ಅನ್ನಾಕ ಇಂಗ್ಲಿಷ್‌ನಾಗ ಏನಂತಾರವ್ವ?"

ಹತ್ತನೇ ತರಗತಿಗೆ ಪಾಠ ಹೇಳುವ ನನಗೇ ಗೊತ್ತಿರಲಿಲ್ಲ! ಡಿಕ್ಷನರಿ ತೆಗೆಯಬೇಕಾಯಿತು. ಆಮೇಲೆ ಪ್ರತಿ ವಾರ ಒಂದು ಮಾತು ಕೇಳಿಕೊಂಡು, ಬಸ್ಸಿನ ಟಿಕೆಟ್ಟಿನ ಹಿಂದೆ ಬರೆದುಕೊಂಡು ಹೋಗುತ್ತಿದ್ದರು.

ಸಾಹೇಬನ ಅಪ್ಪನಿಗೆ ಊರಲ್ಲಿ ದ್ರಾಕ್ಷಿ ತೋಟವಿತ್ತಂತೆ. ದ್ರಾಕ್ಷಿಯ ಹೆಸರು ಷಾರ್ಡೊನೇ. ಫ್ರಾನ್ಸಿನ ಬರ್ಗಂಡಿ ಎಂಬ ಸೀಮೆಯಲ್ಲಿ ಅದೇ ಹೆಸರಿನ ಹಳ್ಳಿಯೂ ಇದೆ, ಸಾಹೇಬನ ಊರಿಂದ ಸೈಕಲ್ಲು ತುಳಿದರೆ ಸಿಗುತ್ತದೆ. ಸಣ್ಣ ಕಾಯಿ, ಒತ್ತೊತ್ತಾದ ಗೊಂಚಲು, ಹಣ್ಣಾದರೆ ತೆಳುಸಿಪ್ಪೆಗೆ ಬಂಗಾರದ ಬಣ್ಣ. ಹಿಂದಿನ ಕಾಲದಲ್ಲಿ ಅಲ್ಲಿಯ ಮಠಗಳ ಸನ್ಯಾಸಿಗಳೇ ಕಲ್ಲುಗೋಡೆ ಕಟ್ಟಿ ಈ ಬಳ್ಳಿಗಳನ್ನು ಬೆಳೆಸಿದರು ಎಂದು ಭಾವ ವರದಿ ಮಾಡಿದಾಗ ಅತ್ತೆ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

"ಮಠದ ಸ್ವಾಮಿಗಳು ಹೆಂಡ ಮಾಡ್ತಿದ್ರಾ?"

"ಪೂಜೆಗೆ ಬೇಕಾಗ್ತಿತ್ತಂತೆ ಅವ್ವಾ."

"ನಮ್ಮ ಮಠದಾಗ ವಿಭೂತೀಲೆ ನಡೀತದಪ್ಪ" ಎಂದು ಮತ್ತೆ ಅಕ್ಕಿಗೆ ತಿರುಗಿದರು.

ಈ ದ್ರಾಕ್ಷಿಯ ವಿಶೇಷವೇನೆಂದರೆ ಇದಕ್ಕೆ ತನ್ನದೇ ಆದ ಜೋರು ರುಚಿಯಿಲ್ಲ. ಚಳಿಯ ಕಡೆ ಬೆಳೆದರೆ ನಿಂಬೆ, ಹಸಿರು ಸೇಬು. ಬಿಸಿಲಿನ ಕಡೆ ಬೆಳೆದರೆ ಅನಾನಸ್. ಸುಣ್ಣಕಲ್ಲಿನ ನೆಲದಲ್ಲಿ ಬೆಳೆದರೆ ಮಳೆ ಬಿದ್ದ ಕಲ್ಲಿನ ವಾಸನೆ. ಅದರ ವೈನನ್ನು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೆಣ್ಣೆಯ ರುಚಿ. ಇಷ್ಟನ್ನೂ ಸಾಹೇಬ ಹೇಳಿದ್ದ. ಆದರೆ ಹೇಳಿದ್ದು ಯಾರಿಗೆ? ಬೆಣ್ಣೆ ದೋಸೆಯ ಊರಿನ ಮನುಷ್ಯನಿಗೆ. ಭಾವನವರ ತಲೆಯಲ್ಲಿ ಪೀಪಾಯಿ ಉಳಿಯಲಿಲ್ಲ, ಬೆಣ್ಣೆಯೊಂದೇ ಉಳಿಯಿತು. ಹಣ್ಣನ್ನು ಕಚ್ಚಿದರೆ ಬೆಣ್ಣೆ ಬರುತ್ತದೆ ಎಂದು ನಂಬಿಬಿಟ್ಟರು. ಈಚೆಗೆ ನಾನೆಲ್ಲೋ ಓದಿದೆ, ಈ ಷಾರ್ಡೊನೇಯ ತಂದೆತಾಯಿಗಳಲ್ಲಿ ಒಂದು ದೊಡ್ಡ ಮನೆತನದ ದ್ರಾಕ್ಷಿಯಂತೆ, ಇನ್ನೊಂದು ಯಾರೂ ಮೂಸಿ ನೋಡದ ಬಡವರ ದ್ರಾಕ್ಷಿಯಂತೆ. ಭಾವ ಇದ್ದಿದ್ದರೆ ಕೂಡಲೇ ಬಸ್ಸು ಹತ್ತಿ ಹೋಗಿ ಹೇಳುತ್ತಿದ್ದೆ.

ಸಾಹೇಬ ಊರಿಗೆ ಹೋದ ಮೇಲೆ ಯಂತ್ರದ ಬಿಡಿಭಾಗಗಳ ಪೆಟ್ಟಿಗೆಯೊಂದು ಬಂತು. ಅದರ ಮೂಲೆಯಲ್ಲಿ ಒದ್ದೆ ಬಟ್ಟೆ, ಬಟ್ಟೆಯೊಳಗೆ ಪೆನ್ಸಿಲ್ ಗಾತ್ರದ ಆರು ಕಡ್ಡಿ. ಹಾಗೆಲ್ಲ ಕಳಿಸಬಾರದು ಎಂದು ನಮಗೆ ಆಮೇಲೆ ತಿಳಿಯಿತು. ಜೊತೆಗೊಂದು ಕಾಗದ. ಓದಲು ಭಾವ ನನ್ನ ಹತ್ತಿರ ತಂದರು. ನಾನು ಅಭ್ಯಾಸಬಲದಿಂದ ಸಾಹೇಬನ ಇಂಗ್ಲಿಷಿನ ಆರು ತಪ್ಪುಗಳಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದುಬಿಟ್ಟೆ. "ಹಣ್ಣು ಬಿಟ್ಟ ವರ್ಷ ನಾನು ಬರುತ್ತೇನೆ, ಇಬ್ಬರೂ ಕೂತು ತಿನ್ನೋಣ" ಎಂದು ಬರೆದಿತ್ತು. ಆ ಸಾಲನ್ನು ಭಾವ ಮೂರು ಸಲ ಓದಿಸಿದರು.

ಆರು ಕಡ್ಡಿಗಳಲ್ಲಿ ಐದು ಒಣಗಿದವು, ಒಂದು ಚಿಗುರಿತು. ಅಲ್ಲಿಂದ ಶುರುವಾಯಿತು ನೋಡಿ ನಮ್ಮೆಲ್ಲರ ಪಾಡು.

ಬಳ್ಳಿಗೆ ಸೀಮೆಸುಣ್ಣದಂಥ ನೆಲ ಬೇಕು ಎಂದು ಸಾಹೇಬನ ಎರಡನೇ ಕಾಗದದಲ್ಲಿತ್ತು. ಗುತ್ತೂರಿನಲ್ಲಿ ಅಂಥ ನೆಲ ಎಲ್ಲಿಂದ ಬರಬೇಕು? ಭಾವ ನನ್ನ ಮುಖ ನೋಡಿದರು. "ನಿಮ್ಮ ಸಾಲ್ಯಾಗ ಸೀಮೆಸುಣ್ಣ ತುಂಡು ಬಿಸಾಕ್ತಾರಲ್ಲವ್ವ?" ಅಂದಿನಿಂದ ನಾನು ಎಲ್ಲ ತರಗತಿಗಳ ಬೋರ್ಡಿನ ಕೆಳಗೆ ಬಿದ್ದ ಚೂರುಗಳನ್ನು ಆರಿಸಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬರತೊಡಗಿದೆ. ಒಂದು ದಿನ ಹೆಡ್ಮಿಸ್ಟ್ರೆಸ್ಸು ನನ್ನನ್ನು ರೂಮಿಗೆ ಕರೆದರು. ಬಾಗಿಲು ಮುಂದೆ ಮಾಡಿ ಮೆತ್ತಗೆ ಕೇಳಿದರು: "ಸೀಮೆಸುಣ್ಣ ತಿನ್ನಂಗಾಗೈತೇನ್ರಿ? ಎಷ್ಟು ತಿಂಗ್ಳು?"

ಏನು ಹೇಳಲಿ? ಗಂಡ ಊರಲ್ಲೇ ಇಲ್ಲದವಳು. ಇದು ನಮ್ಮ ಭಾವನವರ ಬಳ್ಳಿಗೆ ಎಂದೆ. ಅವರು ಇನ್ನೂ ಮೆತ್ತಗೆ, "ಆರೋಗ್ಯ ನೋಡ್ಕಳ್ರಿ" ಎಂದು ಕಳಿಸಿದರು. ಆ ದಿನ ಮನೆಗೆ ಬಂದು ನಗುತ್ತಲೇ ಸೆರಗಿನ ಗಂಟು ಬಿಚ್ಚಿದೆ. ಆಮೇಲೆ ಸ್ವಲ್ಪ ಹೊತ್ತು ನಗು ಬರಲಿಲ್ಲ.

ಮೂರನೇ ಕಾಗದದಲ್ಲಿ ನಿದ್ದೆಯ ವಿಷಯ ಬಂತು. ಅವರ ಊರಿನಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದಂತೆ, ಮಲಗಿ ಎದ್ದರೇ ಹೂ. ನಮ್ಮ ಹರಿಹರದ ಚಳಿ ನಿಮಗೆ ಗೊತ್ತಲ್ಲ, ಒಂದು ಟವಲ್ ಸುತ್ತಿಕೊಂಡರೆ ಮುಗಿಯಿತು. ಭಾವ ದಾವಣಗೆರೆಯ ಐಸ್ ವ್ಯಾಪಾರಿಯ ಹತ್ತಿರ ಹೋದರು. ಬಿಳಿ ಟೋಪಿಯ, ವಯಸ್ಸಾದ ಮುಸಲ್ಮಾನ ಹಿರಿಯರು ಅವರು.

"ಎರಡು ದೊಡ್ಡ ಗಡ್ಡೆನಾ? ಮನ್ಯಾಗ ಶಾದಿ ಐತೇನ್ರಿ?"

"ಇಲ್ರಿ, ಬಳ್ಳಿ ಮಲಗಿಸ್ಬೇಕು."

"ಮಲಗಿಸಾಕ ಲಾಲಿ ಹಾಡ್ತಾರ್ರಿ, ಬರ್ಫ್ ಹಾಕಲ್ಲ" ಎಂದರಂತೆ. ಹೊಟ್ಟು ತುಂಬಿದ ಚೀಲದಲ್ಲಿ ಐಸನ್ನು ಭದ್ರವಾಗಿ ಕಟ್ಟಿಯೂ ಕೊಟ್ಟರು. ಬಸ್ಸಿನಲ್ಲಿ ಅದು ಕರಗಿ ಹಿಂದಿನ ಸೀಟಿನಿಂದ ಡ್ರೈವರನ ಕಾಲಿನವರೆಗೆ ನೀರು ಹರಿದು, ಯಾರದೋ ಕೂಸಿನ ಮೇಲೆ ಗುಮಾನಿ ಬಂದು, ಕೂಸಿನ ತಾಯಿ ಎದ್ದು ನಿಂತು ಇಡೀ ಬಸ್ಸಿಗೆ ಬೈದಳು. ಭಾವ ಕಿಟಕಿಯಿಂದಾಚೆ ನೋಡುತ್ತಿದ್ದರು. ಎಂಟು ವಾರ ಹೀಗೆ ನಡೆಯಿತು. ಬಳ್ಳಿ ಮಲಗಲಿಲ್ಲ, ಭಾವ ನೆಗಡಿಯಾಗಿ ಮಲಗಿದರು. ಕೊನೆಗೆ ಹರಿಹರದ ಕಡೆಯ ದ್ರಾಕ್ಷಿ ತೋಟದವರೊಬ್ಬರು ಬಂದು ನೋಡಿ, "ನಮ್ಮ ಕಡೆ ಬಳ್ಳಿ ಎಬ್ಬಿಸೋದು ಕತ್ತರೀಲೆ. ದೀಪಾವಳಿ ಮುಂಚೆ ಕೊಂಬೆ ಸವರ್ರಿ" ಎಂದರು. ಸವರಿದರು. ಬಳ್ಳಿ ಸರಕ್ಕನೆ ಎದ್ದಿತು.

ಇಷ್ಟರಲ್ಲಿ ಭಾವನವರ ಮಾತು ಭಾನುವಾರಕ್ಕೆ ಹದಿನೇಳರಿಂದ ಲೆಕ್ಕಕ್ಕೆ ಸಿಗದಷ್ಟಾಗಿತ್ತು. ಎಲ್ಲವೂ ಬಳ್ಳಿಯದೇ. ನಾನು ಸೊಪ್ಪು ಬಿಡಿಸುತ್ತಲೋ ಪೇಪರು ತಿದ್ದುತ್ತಲೋ "ಹೌದಾ", "ಹೌದಾ" ಎನ್ನುತ್ತಿದ್ದೆ. ಒಂಟಿ ಮನುಷ್ಯರಿಗೆ ಏನಾದರೊಂದು ಹುಚ್ಚು ಇರಬೇಕಪ್ಪ ಎಂದು ಅತ್ತೆಯೂ ನಾನೂ ಮಾತಾಡಿಕೊಂಡದ್ದುಂಟು. ವಾರವೆಲ್ಲ ಗಂಡನ ಕಾಗದಕ್ಕೆ ಅಂಚೆಯವನ ದಾರಿ ಕಾಯುತ್ತಿದ್ದವಳು ನಾನು. ಒಂಟಿ ಎಂಬ ಮಾತನ್ನು ಬೇರೆಯವರಿಗೆ ಎಷ್ಟು ಸಲೀಸಾಗಿ ಹಚ್ಚಿಬಿಟ್ಟೆ!

ಹಣ್ಣು ಬಂದ ದಿನ ಅದರಲ್ಲಿ ಬೆಣ್ಣೆಯಿದೆಯೋ ಇಲ್ಲವೋ ಎಂದು ತೀರ್ಪು ಕೊಡುವವರು ಯಾರು? ಭಾವ ಅದಕ್ಕೂ ಜನ ಗೊತ್ತು ಮಾಡಿದರು. ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲಿನ ಮಾಲೀಕರು, ಮೂವತ್ತು ವರ್ಷ ಬೆಣ್ಣೆಯನ್ನು ಬೆರಳಿನಲ್ಲಿ ಮುಟ್ಟಿಯೇ ಯಾವ ಊರಿನದೆಂದು ಹೇಳುತ್ತಿದ್ದವರು. ಅವರು ಗಂಭೀರವಾಗಿ ಒಪ್ಪಿಕೊಂಡರು. "ಮುಂಚೆನೇ ಹೇಳ್ರಿ, ಅವತ್ತು ಎಲೆ ಅಡಿಕೆ ಹಾಕಲ್ಲ" ಎಂದರಂತೆ.

ನಾಲ್ಕನೇ ವರ್ಷ ಹೂ ಬಂತು, ಕಾಯಿ ಕಟ್ಟಿತು. ಹಕ್ಕಿ, ಇರುವೆ, ಬಿಸಿಲು ಎಲ್ಲ ತಿಂದು ಉಳಿದದ್ದು ಒಂದೇ ಗೊಂಚಲು. ನಲವತ್ತೊಂದು ಹಣ್ಣು. ಭಾವ ಪ್ರತಿಯೊಂದರ ಅಡ್ಡಳತೆ ತೆಗೆದು ನನ್ನಿಂದ ಸಾಹೇಬನಿಗೆ ಬರೆಸಿದರು: ಹಣ್ಣು ಬಂದಿದೆ, ಬರ್ರಿ.

ಉತ್ತರ ಬಂತು. ಸಾಹೇಬನಿಗೆ ಬೆನ್ನು ನೋವು, ವಿಮಾನದಲ್ಲಿ ಅಷ್ಟು ದೂರ ಕೂರಲು ಡಾಕ್ಟರು ಬಿಡುವುದಿಲ್ಲ. "ಗೆಳೆಯಾ, ನೀನೇ ತಿನ್ನು. ತಿಂದು ನನಗೆ ಬರಿ. ಮೊದಲು ಏನು ಬಂತು, ಆಮೇಲೆ ಏನು ಬಂತು, ನುಂಗಿದ ಮೇಲೆ ಏನು ಉಳಿಯಿತು. ನಾನು ಕಾಯುತ್ತಿರುತ್ತೇನೆ."

ನಾನು ಓದಿ ಮುಗಿಸಿ ಭಾವನವರ ಮುಖ ನೋಡಿದೆ. ಬೇಸರವಾಗಿರುತ್ತದೆ ಎಂದುಕೊಂಡಿದ್ದೆ. ಅವರು ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು, ಯಾರೋ ವೇದಿಕೆಗೆ ಕರೆದವರ ಹಾಗೆ. "ಕೇಳ್ಯಾನ" ಎಂದರು.

ಮಾರ್ಚ್ ತಿಂಗಳು, ಪರೀಕ್ಷೆಯ ದಿನಗಳು. ಒಂದು ಗುರುವಾರ ಭಾವ ರಜೆ ಹಾಕಿ, ಗೊಂಚಲನ್ನು ಕೊಯ್ದು, ಹಣ್ಣು ಬಿಡಿಸಿ, ಒಂದನ್ನೂ ಬಾಯಿಗೆ ಹಾಕಿಕೊಳ್ಳದೆ ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಬಂದರು. ನಾನು ಶಾಲೆಗೆ ಹೋಗಿದ್ದೆ. ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ದೋಸೆ ಹೋಟೆಲಿನವರನ್ನು ಕರೆತರಲು ಹೋದರು. ಹೋಗುವಾಗ ಅತ್ತೆಗೆ ಏನೂ ಹೇಳಲಿಲ್ಲ. ಹೇಳುವ ಪದ್ಧತಿ ಆ ಮನೆಯಲ್ಲಿ ಎಲ್ಲಿತ್ತು?

ನಾನು ಸಂಜೆ ಮನೆಗೆ ಬಂದರೆ ಹೊಸಿಲಲ್ಲೇ ಇಂಗಿನ ಒಗ್ಗರಣೆಯ ಘಮ. ಅತ್ತೆಯ ಮುಖ ಅರಳಿತ್ತು.

"ನಿಮ್ಮ ಭಾವ ದ್ರಾಕ್ಷಿ ತಂದಿಟ್ಟು ಹೋಗ್ಯಾನ. ಒಂದು ಬಾಯಿಗೆ ಹಾಕ್ಕಂಡೆ, ಹುಳಿ. ಹಂಗೇ ತಿನ್ನಾಕ ಬರ್ತೈತೇನು? ಬೆಲ್ಲ ಹಾಕಿ ಗೊಜ್ಜು ಮಾಡೀನಿ. ಗೊಜ್ಜು ಅಂದ್ರೆ ಜೀವ ಅವಂಗೆ."

ನಾಲ್ಕು ವರ್ಷದ ಸೀಮೆಸುಣ್ಣ, ಐಸು, ಕಾಗದ ಎಲ್ಲ ಒಂದು ಸಣ್ಣ ಬಟ್ಟಲಲ್ಲಿ ಸಾಸಿವೆಯ ಜೊತೆ ಕೂತಿತ್ತು. ಅಷ್ಟರಲ್ಲಿ ಹೊರಗೆ ಸ್ಕೂಟರಿನ ಸದ್ದಾಯಿತು. ಭಾವ ಬಂದರು, ಹಿಂದೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಹೋಟೆಲಿನವರು, ಬೆಳಗಿನಿಂದ ಎಲೆ ಅಡಿಕೆ ಮುಟ್ಟದ ಬಾಯಿ. ಭಾವ ಅಡುಗೆಮನೆಗೆ ಹೋಗಿ ತೊಳೆದು ಬೋರಲು ಹಾಕಿದ್ದ ಡಬ್ಬಿಯನ್ನು ನೋಡಿದರು, ಬಟ್ಟಲನ್ನು ನೋಡಿದರು.

"ಅವ್ವಾ, ಹಸೀದು ಒಂದಾದ್ರೂ ತಿಂದ್ಯಾ? ಹೆಂಗಿತ್ತು?"

"ಹುಳಿ ಇತ್ತು."

"ಆಮ್ಯಾಲೆ?"

"ಆಮ್ಯಾಲೆ ಏನು, ನುಂಗಿದೆ."

ಇಡೀ ಜಿಲ್ಲೆಯಲ್ಲಿ ಷಾರ್ಡೊನೇ ಹಣ್ಣನ್ನು ಹಸಿಯಾಗಿ ತಿಂದ ಏಕೈಕ ವ್ಯಕ್ತಿಯ ಹೇಳಿಕೆ ಅಲ್ಲಿಗೆ ಮುಗಿಯಿತು. ಹೋಟೆಲಿನವರು ಮಾತ್ರ ಕರ್ತವ್ಯ ಬಿಡಲಿಲ್ಲ. ಒಂದು ಬೆರಳು ಗೊಜ್ಜನ್ನು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ನಿಂತು, "ಬೆಣ್ಣೆ ಇಲ್ರಿ. ಇಂಗು ಐತೆ" ಎಂದು ತೀರ್ಪು ಕೊಟ್ಟು ಹೊರಟುಹೋದರು.

ಭಾವ ಕೈಕಾಲು ತೊಳೆದು ಊಟಕ್ಕೆ ಕೂತರು. ರೊಟ್ಟಿ, ಅದರ ಮೇಲೆ ಅತ್ತೆ ಹಾಕಿದ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಗೊಜ್ಜು. ನಿಧಾನವಾಗಿ ತಿಂದರು. "ಸಾಕಾ?" ಎಂದು ಅತ್ತೆ ಕೇಳಿದರೆ, "ಇನ್ನೊಂಚೂರು ಹಾಕು" ಎಂದರು. ಅವರು ಹಾಗೆಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅತ್ತೆ ಹಿಗ್ಗಿ, ಪಕ್ಕದ ಮನೆಗೂ ಒಂದು ಚಮಚ ಗೊಜ್ಜು ಕೊಟ್ಟುಬರಲು ಹೋದರು. ನನಗೆ ತಡೆಯಲಾಗಲಿಲ್ಲ. ಏನು ಹೇಳಿ ಸಮಾಧಾನ ಮಾಡಬೇಕೋ ತಿಳಿಯದೆ ಬಾಗಿಲು ಹಿಡಿದು ನಿಂತವಳು ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

"ಭಾವ, ಹೆಂಗೈತೆ?"

ಅವರ ಕೈ ತಟ್ಟೆಯಲ್ಲೇ ನಿಂತಿತು.

"ನಿಮ್ಮಕ್ಕ ಹಿಂಗೇ ಕೇಳ್ತಿದ್ಲವ್ವ" ಎಂದರು. ತೀರಿಹೋದ ಹೆಂಡತಿಯ ಮಾತನ್ನು ಅವರು ನನ್ನೆದುರು ಆಡಿದ್ದು ಅದೇ ಮೊದಲು. "ಎರಡೂ ಹೊತ್ತು ಕೇಳ್ತಿದ್ಲು. ಹೆಂಗೈತ್ರಿ ಅಂತ ಬಾಗ್ಲು ಹಿಡ್ಕಂಡು ನಿಂತಿರ್ತಿದ್ಲು. ನಾನು ಹ್ಞೂಂ ಅಂತಿದ್ದೆ. ಹದಿನಾಕು ತಿಂಗ್ಳೂ ಹ್ಞೂಂ ಅಂದೆ. ಈ ಸಾಹೇಬ ಬಂದು ಕಲಿಸಿದ ಮ್ಯಾಲೆ ಈಗ ನಂಗೆ ಹೇಳಾಕ ಬರ್ತೈತೆ. ಕೇಳಾಕ ಅಕಿ ಇಲ್ಲ."

ನಾನು ಎಷ್ಟು ಭಾನುವಾರ ಈ ಮನುಷ್ಯನಿಗೆ ಬಡಿಸಿದ್ದೆ? ಅವರ ಒಗರನ್ನು ಇಂಗ್ಲಿಷಿಗೆ ಮಾಡಿಕೊಟ್ಟೆ, ಸೀಮೆಸುಣ್ಣ ಹೊತ್ತೆ, ನಕ್ಕೆ. ಒಂದು ದಿನವೂ ಇದನ್ನು ಕೇಳಿರಲಿಲ್ಲ. ಅವರು ನಾಲ್ಕು ವರ್ಷ ಆ ಬಳ್ಳಿಯನ್ನು ಕಾದದ್ದು, ಹಣ್ಣು ಬಂದರೆ ಯಾರಾದರೂ ಖಂಡಿತ ಕೇಳುತ್ತಾರೆ ಎಂದು. ನನಗೆ ನಾಚಿಕೆಯಾಯಿತು, ಅಳುವೂ ಬಂತು.

"ನಾನು ಕೇಳ್ತೀನಲ್ಲ ಭಾವ, ಹೇಳ್ರಿ" ಎಂದು ಎದುರಿಗೆ ಕೂತೆ.

ಹೇಳಿದರು. ಮೊದಲು ಬೆಲ್ಲ, ಅದರ ಹಿಂದೆ ಮರೆಯಲ್ಲಿ ನಿಂತ ಹುಳಿ. ಹುಣಸೆಯ ಹಾಗೆ ನೇರ ಬರುವ ಹುಳಿಯಲ್ಲ, ದವಡೆ ಸುತ್ತಿ ಬರುವಂಥದು. ನುಂಗಿದ ಮೇಲೆ ನಾಲಿಗೆಯ ಅಂಚಿಗೆ ಒಂದಿಷ್ಟು 'ಒಗರು'. ಕೊನೆಗೆ ಬೆಣ್ಣೆ, ಅದು ಅವ್ವ ಹಾಕಿದ್ದು. ಅವರ ಕೈ ಒಣಗಿತ್ತು, ಮಾತು ಮುಗಿದಿರಲಿಲ್ಲ. ಎಲ್ಲವನ್ನೂ ಸಾಹೇಬನಿಗೆ ನಾಲ್ಕು ಪುಟ ಬರೆದೆ. ಅವನು ಉತ್ತರ ಬರೆದ: ಬೆಣ್ಣೆ ರುಚಿ ಹಣ್ಣಿನಲ್ಲಿ ಇರುವುದೇ ಇಲ್ಲ, ಅದು ಪೀಪಾಯಿಯಲ್ಲಿ ಹುಟ್ಟುವುದು. ಮತ್ತು ಗೊಜ್ಜು ಮಾಡುವ ವಿಧಾನ ಕಳಿಸಬೇಕು.

ಮರುವರ್ಷದ ಮಳೆಗಾಲದಲ್ಲಿ ಬಳ್ಳಿಗೆ ರೋಗ ಬಂದು ಎಲೆಯೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಸತ್ತುಹೋಯಿತು. ಭಾವ ಇನ್ನೊಂದು ಕಡ್ಡಿ ತರಿಸಲಿಲ್ಲ. ಭಾನುವಾರ ಹತ್ತರ ಬಸ್ಸು ತಪ್ಪಿಸಲೂ ಇಲ್ಲ.

ಆ ಗೊಜ್ಜು ಉಂಡ ಗುರುವಾರದ ಮುಂದಿನ ಭಾನುವಾರ ನಾನು ಮಾಡಿದ್ದು ಬರೀ ಉಪ್ಪಿಟ್ಟು, ಅದೂ ಅವಸರದ್ದು. ಭಾವ ಮೊದಲ ತುತ್ತು ಬಾಯಿಗಿಟ್ಟ ಕೂಡಲೇ "ಹೆಂಗೈತೆ ಭಾವ?" ಎಂದೆ. ಅವರು ತಟ್ಟೆಯನ್ನು ಸ್ವಲ್ಪ ದೂರ ಸರಿಸಿ, ಗಂಟಲು ಸರಿಮಾಡಿಕೊಂಡು, ರವೆಯಿಂದ ಶುರುಮಾಡಿದರು. ಕರಿಬೇವಿಗೆ ಬರುವಷ್ಟರಲ್ಲಿ ಉಪ್ಪಿಟ್ಟು ಆರಿ ತಣ್ಣಗಾಗಿತ್ತು. ಒಳಗೆ ಒಯ್ದು ಬಿಸಿ ಮಾಡಿ ತಂದು ಬಡಿಸಿ, ಮತ್ತೊಮ್ಮೆ ಕೇಳಿದೆ.